ಮೂರು ಸ್ಕ್ವಿಡ್ ಬಾಕ್ಸ್‌ಗಳಿಗೆ ಟ್ರಾಫಿಕ್ ಹಂಚೋದು ಹೇಗೆ? ರೌಂಡ್ ರಾಬಿನ್ ಸಾಕಾ?

ತುಂಗಾತೀರ · ಸೋಮವಾರ, ಬೆಳಿಗ್ಗೆ 11:20

ಎಲ್ಲರಿಗೂ ನಮಸ್ಕಾರ. ನಾನು ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಲ್ಯಾಬ್, ಲೈಬ್ರರಿ, ಎರಡು ಹಾಸ್ಟೆಲ್, ಎಲ್ಲಾ ಸೇರಿ ಒಂದೇ ಲೀಸ್ಡ್ ಲೈನ್. ಮೊದಲಿಂದ ಒಂದು ಸ್ಕ್ವಿಡ್ ಪ್ರಾಕ್ಸಿ ಇತ್ತು, ಅಂದರೆ ಎಲ್ಲರ ವೆಬ್ ಕೋರಿಕೆಗಳನ್ನು ತಾನು ಹೊರಗೆ ಕಳಿಸಿ, ಬಂದ ಫೈಲುಗಳ ಪ್ರತಿಯನ್ನು ಕ್ಯಾಶಿನಲ್ಲಿ ಉಳಿಸಿಕೊಳ್ಳುವ ಯಂತ್ರ. ಸಂಜೆ ಹೊತ್ತಿಗೆ ಅದರ ಡಿಸ್ಕ್ ಪೂರ್ತಿ ಬಿಜಿ ಆಗಿ ಎಲ್ಲರಿಗೂ ನಿಧಾನ ಆಗುತ್ತಿತ್ತು. ಈ ವರ್ಷ ಇನ್ನೆರಡು ಬಾಕ್ಸ್ ಮಂಜೂರಾದವು. ಮೂರಕ್ಕೂ ಒಂದೇ ಹೆಸರು ಕೊಟ್ಟು, ಡಿಎನ್‌ಎಸ್‌ನಲ್ಲಿ ಮೂರು ಐಪಿ ಹಾಕಿ ರೌಂಡ್ ರಾಬಿನ್ (ಸರದಿಯಂತೆ ಒಬ್ಬೊಬ್ಬರಿಗೆ ಒಂದೊಂದು ಬಾಕ್ಸ್) ಮಾಡಿದ್ದೇವೆ.

ಲೋಡ್ ಮೂರಕ್ಕೂ ಚೆನ್ನಾಗಿ ಹಂಚಿಹೋಗುತ್ತಿದೆ. ಯಾವ ಬಾಕ್ಸಿಗೂ ತ್ರಾಸವಿಲ್ಲ. ಆದರೆ ಲೈನಿನ ಬಳಕೆ ಕಮ್ಮಿ ಆಗುವ ಬದಲು ಜಾಸ್ತಿ ಆಗಿದೆ. ಲಾಗ್ ತೆಗೆದು ನೋಡಿದರೆ ಒಂದೇ ಉಬುಂಟು ಪ್ಯಾಕೇಜು ಮೂರು ಬಾಕ್ಸ್‌ಗಳಲ್ಲೂ ಬೇರೆ ಬೇರೆಯಾಗಿ ಹೊರಗಿನಿಂದ ಇಳಿದಿದೆ. ಬಾಕ್ಸ್ ಜಾಸ್ತಿ ಆದರೆ ಕ್ಯಾಶ್ ದೊಡ್ಡದಾಗಬೇಕಲ್ವಾ? ಇದನ್ನು ಸರಿಯಾಗಿ ಹಂಚುವ ದಾರಿ ಯಾವುದು?

ಹಳೇಸರ್ವರ್ · ಸೋಮವಾರ, ಮಧ್ಯಾಹ್ನ 12:05

ತುಂಗಾತೀರ ಅವರೇ, ರೌಂಡ್ ರಾಬಿನ್ ಹಾಕಿದರೆ ಹೀಗೇ ಆಗುವುದು. ವೆಬ್ ಸರ್ವರ್‌ಗಳ ಮುಂದೆ ಲೋಡ್ ಹಂಚುವುದೇ ಬೇರೆ, ಕ್ಯಾಶ್‌ಗಳ ಮುಂದೆ ಹಂಚುವುದೇ ಬೇರೆ. ವೆಬ್ ಸರ್ವರ್ ಮೂರಿದ್ದರೆ ಮೂರರಲ್ಲೂ ಅದೇ ಸೈಟು ಇರುತ್ತದೆ. ಯಾರು ಉತ್ತರ ಕೊಟ್ಟರೂ ನಡೆಯುತ್ತದೆ. ಕ್ಯಾಶ್ ಹಾಗಲ್ಲ. ತನ್ನ ಬಳಿಗೆ ಹಿಂದೆ ಯಾವ ಕೋರಿಕೆ ಬಂದಿತ್ತೋ ಅದು ಮಾತ್ರ ಅದರ ಹೊಟ್ಟೆಯಲ್ಲಿ ಇರುತ್ತದೆ.

100 ಎಂಬಿಯ ಒಂದು ಫೈಲ್ ತೆಗೆದುಕೊಳ್ಳಿ. ರೌಂಡ್ ರಾಬಿನ್‌ನಲ್ಲಿ ಮೊದಲ ಸಲ ಒಂದನೇ ಬಾಕ್ಸಿಗೆ ಹೋಯಿತು, ಮಿಸ್ (ಕ್ಯಾಶಿನಲ್ಲಿ ಇಲ್ಲ, ಹೊರಗಿನಿಂದ ತರಬೇಕು). ಮುಂದಿನ ಹುಡುಗ ಎರಡನೇ ಬಾಕ್ಸಿಗೆ ಹೋದ, ಮತ್ತೆ ಮಿಸ್. ಮೂರನೆಯವನಿಗೂ ಮಿಸ್. ಲೈನಿನಲ್ಲಿ 300 ಎಂಬಿ ಇಳಿಯಿತು. ಡಿಸ್ಕಿನಲ್ಲೂ 300 ಎಂಬಿ ತುಂಬಿತು. ಒಂದೊಂದಕ್ಕೆ 1 ಟಿಬಿ ಡಿಸ್ಕ್ ಹಾಕಿದ್ದರೆ ನೀವು ಕೊಂಡದ್ದು 3 ಟಿಬಿ. ಜನ ಪದೇ ಪದೇ ಕೇಳುವ ಫೈಲುಗಳ ಮಟ್ಟಿಗೆ ನಿಮ್ಮ ಕೈಗೆ ಸಿಕ್ಕಿದ್ದು 1 ಟಿಬಿ ಅಷ್ಟೇ. ಡಿಸ್ಕಿನ ಜೊತೆ ರ್‍ಯಾಮ್ ಕೂಡ ಹೋಗುತ್ತದೆ. 64-ಬಿಟ್ ಯಂತ್ರದಲ್ಲಿ ಸ್ಕ್ವಿಡ್‌ಗೆ ಪ್ರತಿ 1 ಜಿಬಿ ಡಿಸ್ಕ್ ಕ್ಯಾಶಿನ ಪಟ್ಟಿ ಇಟ್ಟುಕೊಳ್ಳಲು ಸುಮಾರು 14 ಎಂಬಿ ರ್‍ಯಾಮ್ ಬೇಕು. 1 ಟಿಬಿಗೆ ಹತ್ತಿರ ಹತ್ತಿರ 14 ಜಿಬಿ. ಒಂದೇ ಪಟ್ಟಿಯನ್ನು ಮೂರು ಕಡೆ ಇಟ್ಟುಕೊಂಡು ಅದಕ್ಕೂ ದುಡ್ಡು ಸುರಿದ ಹಾಗಾಯಿತು.

ಹಾಗಾಗಿ "ಮೂರಕ್ಕೂ ಸಮ" ಅನ್ನುವುದನ್ನು ಮೊದಲ ಗುರಿ ಮಾಡಿಕೊಳ್ಳಬೇಡಿ. ಒಂದು ಯುಆರ್‌ಎಲ್ ಯಾರು ಕೇಳಿದರೂ, ಯಾವಾಗ ಕೇಳಿದರೂ, ಒಂದೇ ಬಾಕ್ಸಿಗೆ ಹೋಗಬೇಕು. ಲೈಬ್ರರಿಗೆ ಮೂರು ಕಟ್ಟಡ ಇದ್ದರೆ ಮೂರರಲ್ಲೂ ಅದದೇ ಪುಸ್ತಕ ಇಡುವುದಿಲ್ಲ. ಯಾವ ಪುಸ್ತಕ ಯಾವ ಕಟ್ಟಡದಲ್ಲಿ ಅಂತ ಒಂದು ನಿಯಮ ಮಾಡುತ್ತೇವೆ, ಓದುಗರು ಅಲ್ಲಿಗೇ ಹೋಗುತ್ತಾರೆ. ಇಲ್ಲೂ ಹಾಗೇ. ಯುಆರ್‌ಎಲ್‌ನ ಹ್ಯಾಶ್ (ಅದರ ಅಕ್ಷರಗಳಿಂದ ಲೆಕ್ಕ ಹಾಕಿದ, ಪ್ರತಿ ಸಲವೂ ಅದೇ ಬರುವ ಒಂದು ಸಂಖ್ಯೆ) ತೆಗೆದು ಬಾಕ್ಸ್ ಆರಿಸಿದರೆ ಆ ನಿಯಮ ತಾನಾಗೇ ಸಿಗುತ್ತದೆ. ದಿನಕ್ಕೆ ಸಾವಿರಾರು ಬೇರೆ ಬೇರೆ ಯುಆರ್‌ಎಲ್ ಬರುವುದರಿಂದ ಲೋಡೂ ಹೆಚ್ಚುಕಮ್ಮಿ ಸಮವಾಗಿಯೇ ಬೀಳುತ್ತದೆ.

ಕಾಫಿತೋಟ · ಸೋಮವಾರ, ಮಧ್ಯಾಹ್ನ 12:48

ಅಷ್ಟೆಲ್ಲಾ ಯಾಕೆ ಸರ್? ಮೂರನ್ನೂ ಒಂದಕ್ಕೊಂದು ಸಿಬ್ಲಿಂಗ್ (ಸರಿಸಮ ನೆರೆಯ ಬಾಕ್ಸ್) ಮಾಡಿ ಐಸಿಪಿ (ಕ್ಯಾಶ್‌ಗಳು ಒಂದನ್ನೊಂದು ಕೇಳುವ ಪ್ರೋಟೋಕಾಲ್) ಆನ್ ಮಾಡಿದರೆ ಸಾಕು. ತನ್ನ ಹತ್ತಿರ ಇಲ್ಲದಿದ್ದರೆ ಪಕ್ಕದ ಬಾಕ್ಸನ್ನು ಕೇಳಿ ತರಿಸಿಕೊಳ್ಳುತ್ತದೆ. ಪ್ರಾಕ್ಸಿ-ಓನ್ಲಿ ಅಂತ ಹಾಕಿದರೆ ಪಕ್ಕದಿಂದ ತಂದದ್ದನ್ನು ತಾನು ಮತ್ತೆ ಉಳಿಸಿಕೊಳ್ಳುವುದೂ ಇಲ್ಲ. ನಮ್ಮ ಆಫೀಸಿನಲ್ಲಿ ಎರಡು ಬಾಕ್ಸ್ ಹೀಗೇ ಓಡುತ್ತಿವೆ. ಡಿಎನ್‌ಎಸ್ ಹೇಗಿದೆಯೋ ಹಾಗೇ ಇರಲಿ.

ಹಳೇಸರ್ವರ್ · ಸೋಮವಾರ, ಮಧ್ಯಾಹ್ನ 1:30

ಎರಡು ಬಾಕ್ಸ್ ಇದ್ದಾಗ ಅದು ಒಳ್ಳೆಯ ದಾರಿಯೇ, ಒಪ್ಪುತ್ತೇನೆ. ಐಸಿಪಿ ಹಾರ್ವೆಸ್ಟ್ ಅನ್ನುವ ಹಳೆಯ ಸಂಶೋಧನಾ ಯೋಜನೆಯ ಕಾಲದ್ದು. ಸ್ಕ್ವಿಡ್ ಹುಟ್ಟಿದ್ದೂ ಅದೇ ಯೋಜನೆಯ ಕೋಡಿನಿಂದ, 1996ರಲ್ಲಿ. ಮುಂದಿನ ವರ್ಷ ಐಸಿಪಿಯನ್ನು ಆರ್‌ಎಫ್‌ಸಿ 2186 ಮತ್ತು 2187 ಅನ್ನುವ ಇಂಟರ್‌ನೆಟ್ ದಾಖಲೆಗಳಾಗಿ ಬರೆದಿಟ್ಟರು. ಆಗ ಅಮೆರಿಕದಲ್ಲಿ ದೇಶದ ಮಟ್ಟದಲ್ಲೇ ಕ್ಯಾಶ್‌ಗಳ ಸಾಲು ಕಟ್ಟಿದ್ದರು. ಒಬ್ಬರನ್ನೊಬ್ಬರು ಕೇಳಿ ಫೈಲು ಹಂಚಿಕೊಳ್ಳುವ ಯೋಚನೆ ಆ ಕಾಲಕ್ಕೆ ಹೊಂದುತ್ತಿತ್ತು.

ಆದರೆ ಬಾಕ್ಸ್ ಜಾಸ್ತಿ ಆದ ಹಾಗೆ ಖರ್ಚೂ ಏರುತ್ತದೆ. ಪ್ರತಿ ಮಿಸ್‌ಗೂ ಉಳಿದ ಎಲ್ಲ ಬಾಕ್ಸ್‌ಗಳಿಗೆ ಯುಡಿಪಿಯಲ್ಲಿ ಒಂದೊಂದು ಪ್ರಶ್ನೆ, ಉತ್ತರ ಬರುವ ತನಕ ಕಾಯುವುದು. ಎಲ್ಲರೂ "ಇಲ್ಲ" ಅಂದ ಮೇಲೆ ಹೊರಗೆ ಹೋಗುವುದು. ಮಿಸ್ ಆದವರಿಗೇ ಇನ್ನಷ್ಟು ತಡ. ಇನ್ನೊಂದು ತೊಂದರೆ, ಐಸಿಪಿ ಪ್ರಶ್ನೆಯಲ್ಲಿ ಯುಆರ್‌ಎಲ್ ಮಾತ್ರ ಹೋಗುತ್ತದೆ, ಎಚ್‌ಟಿಟಿಪಿ ಹೆಡರ್‌ಗಳು ಹೋಗುವುದಿಲ್ಲ. ಪಕ್ಕದವನು "ಇದೆ" ಅಂದು, ಕೇಳಲು ಹೋದಾಗ ಅದು ಹಳಸಿದ ಪ್ರತಿ ಆಗಿರಬಹುದು. ಈ ಕೊರತೆ ತುಂಬಲು ಹೆಡರ್‌ಗಳನ್ನೂ ಕಳಿಸುವ ಎಚ್‌ಟಿಸಿಪಿ ಬಂತು. ಕಾಯುವುದನ್ನು ತಪ್ಪಿಸಲು ಕ್ಯಾಶ್ ಡೈಜೆಸ್ಟ್ ಬಂತು. ಅದರಲ್ಲಿ ಪ್ರತಿ ಬಾಕ್ಸ್ ತನ್ನಲ್ಲಿರುವುದರ ಪಟ್ಟಿಯನ್ನು ಬ್ಲೂಮ್ ಫಿಲ್ಟರ್ ಆಗಿ ಒತ್ತಿ ಚಿಕ್ಕದು ಮಾಡಿ ಉಳಿದವರಿಗೆ ಕೊಡುತ್ತದೆ. ಸುಮ್ನೆ ಬಿಟ್ಟರೆ ಸ್ಕ್ವಿಡ್ ಅದನ್ನು ಗಂಟೆಗೊಮ್ಮೆ ಹೊಸದಾಗಿ ಕಟ್ಟುತ್ತದೆ. ಅಂದರೆ ಆ ಗಂಟೆಯೊಳಗೆ ಬಂದ ಹೊಸ ಫೈಲು ಪಕ್ಕದವರಿಗೆ ಗೊತ್ತೇ ಇರುವುದಿಲ್ಲ. ಬೆಳಿಗ್ಗೆ ಲ್ಯಾಬ್ ತೆರೆದ ಕೂಡಲೇ ಎಲ್ಲ ಯಂತ್ರಗಳೂ ಒಂದೇ ಅಪ್‌ಡೇಟ್ ಕೇಳುವ ಕಾಲೇಜಿನಲ್ಲಿ ಆ ಮೊದಲ ಗಂಟೆಯೇ ಮುಖ್ಯ ಅಲ್ವಾ?

ಹ್ಯಾಶ್‌ನಲ್ಲಿ ಯಾರೂ ಯಾರನ್ನೂ ಕೇಳಬೇಕಿಲ್ಲ. ಯುಆರ್‌ಎಲ್ ನೋಡಿದರೆ ಬಾಕ್ಸ್ ಯಾವುದು ಅಂತ ಲೆಕ್ಕದಿಂದಲೇ ಗೊತ್ತಾಗುತ್ತದೆ.

ಪ್ಯಾಕೆಟ್‌ಪಯಣ · ಸೋಮವಾರ, ಮಧ್ಯಾಹ್ನ 3:10

ಹ್ಯಾಶ್ ಮಾಡಲು ಹೊಸ ಸರ್ವರ್ ಕೂಡ ಬೇಕಿಲ್ಲ, ಪ್ಯಾಕ್ ಫೈಲಿನಲ್ಲೇ ಮಾಡಬಹುದು. ನೆಟ್‌ಸ್ಕೇಪ್ 2ರ ಕಾಲದಿಂದ ಬ್ರೌಸರ್‌ಗಳಲ್ಲಿ ಇದು ಇದೆ. ಒಂದು ಚಿಕ್ಕ ಜಾವಾಸ್ಕ್ರಿಪ್ಟ್ ಫಂಕ್ಷನ್. ಯುಆರ್‌ಎಲ್ ಮತ್ತು ಹೋಸ್ಟ್ ಹೆಸರು ಕೊಟ್ಟರೆ ಯಾವ ಪ್ರಾಕ್ಸಿಗೆ ಹೋಗಬೇಕು ಅಂತ ಹೇಳುತ್ತದೆ. ಅಕ್ಷರಗಳ ಬೆಲೆ ಕೂಡಿಸಿ 3ರಿಂದ ಭಾಗಿಸಿ, ಶೇಷ 0 ಬಂದರೆ ಮೊದಲ ಬಾಕ್ಸ್, 1 ಬಂದರೆ ಎರಡನೆಯದು, ಹೀಗೆ. ಉತ್ತರದಲ್ಲಿ ಒಂದರ ಹಿಂದೆ ಒಂದು ಪ್ರಾಕ್ಸಿ ಹೆಸರು ಕೊಟ್ಟರೆ ಮೊದಲಿನದು ಸತ್ತಾಗ ಬ್ರೌಸರ್ ತಾನೇ ಮುಂದಿನದಕ್ಕೆ ಹೋಗುತ್ತದೆ. 1990ರ ದಶಕದಲ್ಲೇ ಶಾರ್ಪ್ ಕಂಪನಿಯವರು ಹೀಗೆ ಯುಆರ್‌ಎಲ್ ಹ್ಯಾಶ್ ಮಾಡುವ ಪ್ಯಾಕ್ ಫೈಲ್ ಮಾಡಿದ್ದರು.

ಎರಡು ವಿಷಯ ನೆನಪಿರಲಿ. ಕ್ರೋಮ್ ಮತ್ತು ಫೈರ್‌ಫಾಕ್ಸ್ ಈಗ ಎಚ್‌ಟಿಟಿಪಿಎಸ್ ವಿಳಾಸಗಳ ದಾರಿಯ ಭಾಗವನ್ನು ಪ್ಯಾಕ್ ಫೈಲಿಗೆ ಕೊಡುವುದಿಲ್ಲ, ಹೋಸ್ಟ್ ಹೆಸರು ಮಾತ್ರ ಸಿಗುತ್ತದೆ. ಗುಟ್ಟು ಸೋರಬಾರದು ಅಂತ ಹಾಗೆ ಮಾಡಿದ್ದು, ಒಳ್ಳೆಯದೇ. ಇನ್ನೊಂದು, ಹಾಸ್ಟೆಲ್ ಹುಡುಗರ ಮೊಬೈಲ್ ಆ್ಯಪ್‌ಗಳಲ್ಲಿ ಎಷ್ಟೋ ಪ್ಯಾಕ್ ಫೈಲ್ ಕಡೆ ತಿರುಗಿಯೂ ನೋಡುವುದಿಲ್ಲ. ಲ್ಯಾಬಿನ ಯಂತ್ರಗಳಿಗೆ ಸರಿ, ಹಾಸ್ಟೆಲ್‌ಗೆ ಕಷ್ಟ.

ತುಂಗಾತೀರ · ಸೋಮವಾರ, ಸಂಜೆ 5:40

ಎಲ್ಲರಿಗೂ ಧನ್ಯವಾದ, ಈಗ ವಿಷಯ ತಿಳಿಯಾಯಿತು. ಒಂದು ಸಂದೇಹ. ಶೇಷ ನೋಡಿ ಬಾಕ್ಸ್ ಆರಿಸಿದರೆ, ಮುಂದಿನ ವರ್ಷ ನಾಲ್ಕನೇ ಬಾಕ್ಸ್ ಬಂದಾಗ 3ರ ಬದಲು 4ರಿಂದ ಭಾಗಿಸಬೇಕು. ಆಗ ಹಳೆಯ ಲೆಕ್ಕ ಎಲ್ಲಾ ಅಡಿಮೇಲು ಆಗುವುದಿಲ್ವಾ?

ಹಳೇಸರ್ವರ್ · ಸೋಮವಾರ, ರಾತ್ರಿ 8:15

ಆಗುತ್ತದೆ. ಸರಿಯಾದ ಜಾಗಕ್ಕೇ ಕೈ ಇಟ್ಟಿದ್ದೀರಿ. 0ರಿಂದ 11ರ ತನಕ ಹನ್ನೆರಡು ಸಂಖ್ಯೆ ಬರೆದುಕೊಳ್ಳಿ. 3ರಿಂದ ಭಾಗಿಸಿದಾಗಲೂ 4ರಿಂದ ಭಾಗಿಸಿದಾಗಲೂ ಅದೇ ಶೇಷ ಬರುವುದು 0, 1, 2ಕ್ಕೆ ಮಾತ್ರ. ಉಳಿದ ಒಂಬತ್ತೂ ಬೇರೆ ಬಾಕ್ಸಿಗೆ ಹಾರುತ್ತವೆ. ಅಂದರೆ ಹೊಸ ಬಾಕ್ಸ್ ಸೇರಿಸಿದ ದಿನ ಕ್ಯಾಶಿನ ಮುಕ್ಕಾಲು ಭಾಗ ಇದ್ದೂ ಇಲ್ಲದ ಹಾಗೆ. ಒಂದು ಬಾಕ್ಸ್ ಕೆಟ್ಟು ಮೂರು ಎರಡಾದರೂ ಹೀಗೇ, ಮೂರರಲ್ಲಿ ಎರಡು ಪಾಲು ಯುಆರ್‌ಎಲ್ ಜಾಗ ಬದಲಿಸುತ್ತವೆ. ಇರುವ ಎರಡು ಬಾಕ್ಸ್‌ಗಳ ಮೇಲೆ ಭಾರ ಬಿದ್ದ ಹೊತ್ತಿನಲ್ಲೇ ಮಿಸ್‌ಗಳ ಮಳೆಯೂ ಶುರುವಾಗುತ್ತದೆ.

ಈ ತೊಂದರೆಗೆ ಎರಡು ಕಡೆ, ಹತ್ತಿರ ಹತ್ತಿರ ಒಂದೇ ಕಾಲದಲ್ಲಿ ಉತ್ತರ ಸಿಕ್ಕಿತು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಥೇಲರ್ ಮತ್ತು ರವಿಶಂಕರ್ ಒಂದು ದಾರಿ ಕೊಟ್ಟರು. ಯುಆರ್‌ಎಲ್ ಜೊತೆ ಒಂದೊಂದು ಬಾಕ್ಸಿನ ಹೆಸರನ್ನೂ ಸೇರಿಸಿ ಹ್ಯಾಶ್ ಮಾಡಿ. ಮೂರು ಬಾಕ್ಸಿಗೆ ಮೂರು ಅಂಕ ಬರುತ್ತದೆ. ಯಾವುದಕ್ಕೆ ಅತಿ ಹೆಚ್ಚು ಅಂಕವೋ ಆ ಯುಆರ್‌ಎಲ್ ಅದರದ್ದು. ನಾಲ್ಕನೇ ಬಾಕ್ಸ್ ಬಂದರೆ ಅದಕ್ಕೇ ಹೆಚ್ಚು ಅಂಕ ಬಂದ ಕಾಲು ಭಾಗ ಮಾತ್ರ ಅಲ್ಲಿಗೆ ಹೋಗುತ್ತದೆ, ಉಳಿದ ಮುಕ್ಕಾಲು ಕದಲುವುದಿಲ್ಲ. ಒಂದು ಬಾಕ್ಸ್ ಸತ್ತರೆ ಅದರ ಪಾಲು ಮಾತ್ರ ಉಳಿದವರಿಗೆ ಚದುರುತ್ತದೆ. ಕಾರ್ಪ್ ಅನ್ನುವ ಕ್ಯಾಶ್ ಹಂಚಿಕೆಯ ಪ್ರೋಟೋಕಾಲ್ ಇದೇ ಯೋಚನೆಯಿಂದ ಬಂದದ್ದು. 1990ರ ದಶಕದ ಕೊನೆಯಲ್ಲಿ ಮೈಕ್ರೋಸಾಫ್ಟ್‌ನ ವಿನೋದ್ ವಲ್ಲೋಪಿಳ್ಳಿಲ್ ಮತ್ತು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕೀತ್ ರಾಸ್ ಅದರ ಕರಡು ಬರೆದರು. ಅದು ಆರ್‌ಎಫ್‌ಸಿ ಆಗಲೇ ಇಲ್ಲ. ಆದರೂ ಮೈಕ್ರೋಸಾಫ್ಟ್ ಪ್ರಾಕ್ಸಿ ಸರ್ವರ್ 2.0ದಲ್ಲಿ ಬಂತು, ಸ್ಕ್ವಿಡ್‌ನಲ್ಲಿ ಇವತ್ತಿಗೂ ಇದೆ.

ಇನ್ನೊಂದು ದಾರಿ ಎಂಐಟಿಯದು. ಡೇವಿಡ್ ಕಾರ್ಗರ್ ಮತ್ತು ಜೊತೆಗಾರರು 1997ರಲ್ಲಿ ಕನ್ಸಿಸ್ಟೆಂಟ್ ಹ್ಯಾಶಿಂಗ್ ಅನ್ನುವುದನ್ನು ಮುಂದಿಟ್ಟರು. ಯುಆರ್‌ಎಲ್‌ಗಳನ್ನೂ ಬಾಕ್ಸ್‌ಗಳನ್ನೂ ಒಂದೇ ವೃತ್ತದ ಮೇಲೆ ಕೂರಿಸುವುದು, ಯುಆರ್‌ಎಲ್‌ನಿಂದ ಮುಂದಕ್ಕೆ ಸಾಗಿದಾಗ ಮೊದಲು ಸಿಗುವ ಬಾಕ್ಸೇ ಅದರ ಮನೆ. ಆ ತಂಡದ ಟಾಮ್ ಲೇಟನ್ ಮತ್ತು ಡ್ಯಾನಿಯಲ್ ಲೆವಿನ್ ಮುಂದಿನ ವರ್ಷ ಸೈಟುಗಳಿಗೆ ಕ್ಯಾಶ್ ಸೇವೆ ಕೊಡುವ ಅಕಮೈ ಕಂಪನಿ ಕಟ್ಟಿದರು. ಲೆವಿನ್ 2001ರ ಸೆಪ್ಟೆಂಬರ್ 11ರಂದು ಅಪಹರಣವಾದ ವಿಮಾನದಲ್ಲಿದ್ದರು, ಆ ದಿನವೇ ತೀರಿಕೊಂಡರು. ನಾವು ಇಂದು ಎರಡು ಸಾಲು ಬರೆದು ಪಡೆಯುವ ಅನುಕೂಲದ ಹಿಂದೆ ಇಂಥವರ ದುಡಿಮೆ ಇದೆ, ಅದಕ್ಕೇ ಹೆಸರು ಹೇಳಿದೆ.

ಬೆಳಗಿನಜಾವ · ಮಂಗಳವಾರ, ಬೆಳಿಗ್ಗೆ 7:50

ನಾನು ಒಂದು ಚಿಕ್ಕ ಇಂಟರ್‌ನೆಟ್ ಸೇವಾ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಹಳೇಸರ್ವರ್ ಸರ್ ಹೇಳಿದ ಲೆಕ್ಕ ಎಲ್ಲಾ ಸರಿ. ಆದರೆ ಅದಕ್ಕೂ ಮೊದಲು ತುಂಗಾತೀರ ಅವರು ಒಂದು ಕೆಲಸ ಮಾಡಬೇಕು. ಲಾಗಿನಲ್ಲಿ ಎಷ್ಟು ಬೈಟ್ ಕನೆಕ್ಟ್ ಅಂತ ಹೋಗಿದೆ ಅಂತ ಎಣಿಸಿ. ಎಚ್‌ಟಿಟಿಪಿಎಸ್‌ಗೆ ಬ್ರೌಸರ್ ಪ್ರಾಕ್ಸಿಯ ಬಳಿ "ಈ ಹೋಸ್ಟಿಗೆ ಒಂದು ಸುರಂಗ ಕೊಡು" ಅಂತ ಮಾತ್ರ ಕೇಳುತ್ತದೆ, ಆ ಕೋರಿಕೆಯ ಹೆಸರೇ ಕನೆಕ್ಟ್. ಒಳಗೆ ಏನು ಹೋಗುತ್ತದೆ ಅಂತ ಪ್ರಾಕ್ಸಿಗೆ ಕಾಣುವುದಿಲ್ಲ. ಕಾಣದ್ದನ್ನು ಕ್ಯಾಶ್ ಮಾಡಲು ಆಗುವುದಿಲ್ಲ. ಯೂಟ್ಯೂಬ್, ಇನ್‌ಸ್ಟಾಗ್ರಾಂ, ವಾಟ್ಸ್ಆ್ಯಪ್, ಎಲ್ಲಾ ಸುರಂಗದೊಳಗೆ. ಹಾಸ್ಟೆಲ್ ಟ್ರಾಫಿಕ್‌ನಲ್ಲಿ ಅದೇ ಬಹುಪಾಲು. ಅದನ್ನು ಯಾವ ಹ್ಯಾಶ್‌ನಿಂದ ಹಂಚಿದರೂ ಒಂದು ಬೈಟೂ ಉಳಿಯುವುದಿಲ್ಲ.

ಗೂಗಲ್, ನೆಟ್‌ಫ್ಲಿಕ್ಸ್‌ನವರು ಸೇವಾ ಕಂಪನಿಗಳ ಒಳಗೇ ತಮ್ಮ ಕ್ಯಾಶ್ ಪೆಟ್ಟಿಗೆ ಇಡುತ್ತಾರಲ್ಲ, ಅದು ನಡೆಯುವುದು ಸರ್ಟಿಫಿಕೇಟ್ ಅವರದ್ದೇ ಆಗಿರುವುದರಿಂದ.

ದೊಡ್ಡ ಕ್ಯಾಶಿನಿಂದ ಬರುವ ಲಾಭಕ್ಕೂ ಮಿತಿ ಇದೆ. 1999ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ತಮ್ಮ ಕ್ಯಾಂಪಸ್ಸಿನ ಮತ್ತು ಮೈಕ್ರೋಸಾಫ್ಟ್ ಕಂಪನಿಯ ಟ್ರಾಫಿಕ್ ತೆಗೆದುಕೊಂಡು ನೋಡಿದರು. ಕ್ಯಾಶ್‌ಗಳು ಕೈಜೋಡಿಸುವುದರಿಂದ ಸಣ್ಣ ಗುಂಪುಗಳಿಗೆ ಒಳ್ಳೆಯ ಲಾಭ, ಬಳಸುವವರು ಒಂದು ಮಟ್ಟ ದಾಟಿದ ಮೇಲೆ ಹೆಚ್ಚಿನ ಲಾಭ ಇಲ್ಲ ಅಂತ ಬಂತು. ಜನ ಕೇಳುವ ಪುಟಗಳಲ್ಲಿ ಕೆಲವನ್ನು ಎಲ್ಲರೂ ಕೇಳುತ್ತಾರೆ, ಉಳಿದ ಲಕ್ಷಾಂತರವನ್ನು ಒಬ್ಬೊಬ್ಬರೇ ಕೇಳುತ್ತಾರೆ. ಕ್ಯಾಶ್ ಮೂರು ಪಟ್ಟು ದೊಡ್ಡದು ಮಾಡಿದರೆ ಹಿಟ್ (ಕ್ಯಾಶಿನಿಂದಲೇ ಸಿಗುವ ಕೋರಿಕೆ) ಮೂರು ಪಟ್ಟು ಏರುವುದಿಲ್ಲ.

ಪ್ಯಾಕೆಟ್‌ಪಯಣ · ಮಂಗಳವಾರ, ಬೆಳಿಗ್ಗೆ 9:05

ಮೇಡಂ, ಸ್ಕ್ವಿಡ್‌ನಲ್ಲಿ ಎಸ್‌ಎಸ್‌ಎಲ್ ಬಂಪ್ ಇದೆಯಲ್ಲ? ಕಾಲೇಜಿನ ಸರ್ಟಿಫಿಕೇಟ್ ಎಲ್ಲರ ಯಂತ್ರಕ್ಕೂ ಹಾಕಿದರೆ ಸುರಂಗ ತೆರೆದು ಕ್ಯಾಶ್ ಮಾಡಬಹುದು.

ಬೆಳಗಿನಜಾವ · ಮಂಗಳವಾರ, ಬೆಳಿಗ್ಗೆ 9:22

ದಯವಿಟ್ಟು ಬೇಡ. ಹಾಸ್ಟೆಲ್ ಅಂದರೆ ಮಕ್ಕಳಿಗೆ ಮನೆ ಇದ್ದ ಹಾಗೆ. ಅವರ ಬ್ಯಾಂಕ್ ಪಾಸ್‌ವರ್ಡ್, ಮನೆಯವರಿಗೆ ಬರೆದ ಮೇಲ್, ವೈದ್ಯರ ಜೊತೆಗಿನ ಮಾತು, ಎಲ್ಲಾ ಕಾಲೇಜಿನ ಒಂದು ಬಾಕ್ಸಿನಲ್ಲಿ ತೆರೆದುಕೊಳ್ಳುತ್ತದೆ. ಆ ಬಾಕ್ಸಿಗೆ ಯಾರಾದರೂ ನುಗ್ಗಿದರೆ ಎಲ್ಲರದ್ದೂ ಹೋಯಿತು. ನಾಲ್ಕು ಜಿಬಿ ಉಳಿಸಲು ಕೊಡುವ ಬೆಲೆ ಅದಲ್ಲ. ಜೊತೆಗೆ ಎಷ್ಟೋ ಮೊಬೈಲ್ ಆ್ಯಪ್‌ಗಳು ಹೊರಗಿನ ಸರ್ಟಿಫಿಕೇಟನ್ನು ಒಪ್ಪುವುದೇ ಇಲ್ಲ.

ಹಳೇಸರ್ವರ್ · ಮಂಗಳವಾರ, ಬೆಳಿಗ್ಗೆ 10:40

ಬೆಳಗಿನಜಾವ ಮೇಡಂ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಬಂಪ್ ಬೇಡವೇ ಬೇಡ.

ಆದರೆ ಕ್ಯಾಶಿಗೆ ಕೆಲಸವೇ ಇಲ್ಲ ಅನ್ನುವಂತಿಲ್ಲ. ಸಾದಾ ಎಚ್‌ಟಿಟಿಪಿಯಲ್ಲಿ ಈಗ ಉಳಿದಿರುವುದು ಕಮ್ಮಿ, ಆದರೆ ಉಳಿದದ್ದು ದಪ್ಪದ್ದು. ಉಬುಂಟು, ಡೆಬಿಯನ್ ಪ್ಯಾಕೇಜುಗಳು ಬಹಳ ಕಡೆ ಇನ್ನೂ ಎಚ್‌ಟಿಟಿಪಿಯಲ್ಲೇ ಬರುತ್ತವೆ, ಅವುಗಳಿಗೆ ಡಿಜಿಟಲ್ ಸಹಿಯೂ ಇರುವುದರಿಂದ ಮೋಸ ಆಗುವುದಿಲ್ಲ. ವಿಂಡೋಸ್ ಅಪ್‌ಡೇಟಿನ ಫೈಲುಗಳೂ ಹಾಗೇ. ಸ್ಟೀಮ್‌ನ ಆಟಗಳೂ ಬಹಳಷ್ಟು ಹಾಗೇ ಇಳಿಯುತ್ತವೆ. ಲ್ಯಾಬಿನಲ್ಲಿ ಒಂದೇ ತರಹದ ಯಂತ್ರಗಳ ಸಾಲು ಇರುವಾಗ ಒಂದೇ ದೊಡ್ಡ ಫೈಲನ್ನು ಎಲ್ಲವೂ ಕೇಳುತ್ತವೆ. ಕ್ಯಾಶಿಗೆ ಇದಕ್ಕಿಂತ ಒಳ್ಳೆಯ ಗಿರಾಕಿ ಬೇರೆ ಇಲ್ಲ. ಕಾಲೇಜಿಗೆ ಹಿಟ್ ಸಂಖ್ಯೆಗಿಂತ ಬೈಟ್ ಹಿಟ್ (ಕ್ಯಾಶಿನಿಂದಲೇ ಕೊಟ್ಟ ಬೈಟುಗಳ ಪಾಲು) ಮುಖ್ಯ. ಅದನ್ನೇ ನೋಡಿ.

ಹಾಗಾಗಿ ನನ್ನ ಸಲಹೆ, ಟ್ರಾಫಿಕ್ಕನ್ನು ಮೊದಲು ಎರಡು ಗುಂಪು ಮಾಡಿ. ಕ್ಯಾಶ್ ಆಗುವುದು, ಆಗದ್ದು. ಎರಡಕ್ಕೂ ಒಂದೇ ನಿಯಮ ಬೇಡ.

ಸ್ಕ್ವಿಡ್‌ಗಳ ಮುಂದೆ ಒಂದು ಎಚ್‌ಎಪ್ರಾಕ್ಸಿ (ಕೋರಿಕೆಗಳನ್ನು ಹಿಂದಿನ ಸರ್ವರ್‌ಗಳಿಗೆ ಹಂಚುವ ಸಾಫ್ಟ್‌ವೇರ್) ಇಡಿ, ಎಚ್‌ಟಿಟಿಪಿ ಮೋಡಿನಲ್ಲಿ. ಕೋರಿಕೆಯ ವಿಧಾನ ಕನೆಕ್ಟ್ ಆಗಿದ್ದರೆ ಒಂದು ಬ್ಯಾಕೆಂಡ್ (ಹಿಂದಿನ ಸರ್ವರ್‌ಗಳ ಗುಂಪು), ಉಳಿದದ್ದಕ್ಕೆ ಇನ್ನೊಂದು. ಎರಡೂ ಬ್ಯಾಕೆಂಡ್‌ನಲ್ಲಿ ಅದೇ ಮೂರು ಸ್ಕ್ವಿಡ್. ಕ್ಯಾಶ್ ಆಗುವ ಗುಂಪಿಗೆ ಬ್ಯಾಲೆನ್ಸ್ ಯುಆರ್‌ಐ ಅಂತ ಹಾಕಿ. ಅದು ಸುಮ್ನೆ ಬಿಟ್ಟರೆ ಪ್ರಶ್ನೆ ಚಿಹ್ನೆಯ ಎಡಕ್ಕಿರುವುದನ್ನು ಮಾತ್ರ ಹ್ಯಾಶ್ ಮಾಡುತ್ತದೆ, ಅಪ್‌ಡೇಟ್ ಫೈಲುಗಳಿಗೆ ಅದೇ ಒಳ್ಳೆಯದು. ಅದರ ಕೆಳಗೆ ಹ್ಯಾಶ್-ಟೈಪ್ ಕನ್ಸಿಸ್ಟೆಂಟ್ ಅಂತ ಬರೆಯಲೇಬೇಕು. ಬರೆಯದಿದ್ದರೆ ಎಚ್‌ಎಪ್ರಾಕ್ಸಿ ನಿನ್ನೆ ಹೇಳಿದ ಶೇಷದ ಲೆಕ್ಕದ ತರಹದ್ದನ್ನೇ ಬಳಸುತ್ತದೆ. ಬಹಳ ಕಡೆ ಈ ಒಂದು ಸಾಲು ಇರುವುದಿಲ್ಲ, ಎಲ್ಲ ಬಾಕ್ಸ್ ಎದ್ದಿರುವ ತನಕ ಯಾರಿಗೂ ಗೊತ್ತಾಗುವುದೂ ಇಲ್ಲ.

ಕನೆಕ್ಟ್ ಗುಂಪಿಗೆ ಬ್ಯಾಲೆನ್ಸ್ ಸೋರ್ಸ್ (ಕೇಳುವವರ ಐಪಿಯ ಹ್ಯಾಶ್) ಸಾಕು. ಒಬ್ಬ ವಿದ್ಯಾರ್ಥಿಯ ಎಲ್ಲ ಸುರಂಗಗಳೂ ಒಂದೇ ಬಾಕ್ಸಿನಿಂದ ಹೊರಡುತ್ತವೆ. ಇಲ್ಲಿ ಕ್ಯಾಶ್ ಲಾಭ ಹೇಗೂ ಇಲ್ಲ, ಜನರನ್ನು ಹಂಚಿದರೆ ಮುಗಿಯಿತು.

ಸ್ಕ್ವಿಡ್ ಒಳಗೂ ನೋಡಬೇಕಾದದ್ದು ಇದೆ. ಗರಿಷ್ಠ ಆಬ್ಜೆಕ್ಟ್ ಗಾತ್ರ ಸುಮ್ನೆ ಬಿಟ್ಟರೆ 4 ಎಂಬಿ. ದೊಡ್ಡ ಪ್ಯಾಕೇಜು ಡಿಸ್ಕಿಗೆ ಬರುವುದೇ ಇಲ್ಲ. ಏರಿಸಿ, ಆ ಸಾಲನ್ನು ಕ್ಯಾಶ್ ಡಿರ್ ಸಾಲಿಗಿಂತ ಮೇಲೆ ಇಡಿ. ಕೊಲ್ಯಾಪ್ಸ್ಡ್ ಫಾರ್ವರ್ಡಿಂಗ್ ಆನ್ ಮಾಡಿ. ಒಂದೇ ಫೈಲನ್ನು ಹತ್ತು ಯಂತ್ರ ಒಟ್ಟಿಗೆ ಕೇಳಿದರೆ ಸ್ಕ್ವಿಡ್ ಹೊರಗಿನಿಂದ ಒಂದೇ ಸಲ ತರುತ್ತದೆ. ಇದು ಫಲ ಕೊಡುವುದು ಆ ಹತ್ತೂ ಕೋರಿಕೆ ಒಂದೇ ಬಾಕ್ಸಿಗೆ ಬಂದಾಗ ಮಾತ್ರ, ರೌಂಡ್ ರಾಬಿನ್‌ನಲ್ಲಿ ಅದೂ ಮೂರು ಪಾಲಾಗುತ್ತಿತ್ತು. ವಿಂಡೋಸ್ ಅಪ್‌ಡೇಟ್ ಫೈಲನ್ನು ತುಂಡು ತುಂಡಾಗಿ ಕೇಳುತ್ತದೆ. ಸ್ಕ್ವಿಡ್ ತುಂಡುಗಳನ್ನು ಉಳಿಸಿಕೊಳ್ಳುವುದಿಲ್ಲ. ಆ ಡೊಮೇನ್‌ಗಳಿಗೆ ಮಾತ್ರ ರೇಂಜ್ ಆಫ್‌ಸೆಟ್ ಮಿತಿ ತೆಗೆದು, ಕ್ವಿಕ್ ಅಬಾರ್ಟ್ ಮಿನ್ ಅನ್ನು ಮೈನಸ್ 1 ಮಾಡಿದರೆ ಪೂರ್ತಿ ಫೈಲು ಇಳಿಸಿ ಇಟ್ಟುಕೊಳ್ಳುತ್ತದೆ. ಎಲ್ಲ ಡೊಮೇನಿಗೂ ಮಿತಿ ತೆಗೆಯಬೇಡಿ, ಲೈನು ತುಂಬಿಹೋಗುತ್ತದೆ.

ಕಾಫಿತೋಟ · ಮಂಗಳವಾರ, ಮಧ್ಯಾಹ್ನ 12:15

ಎಚ್‌ಎಪ್ರಾಕ್ಸಿ ಮುಂದೆ ಬಂದರೆ ಸ್ಕ್ವಿಡ್ ಲಾಗಿನಲ್ಲಿ ಎಲ್ಲರ ಐಪಿಯೂ ಎಚ್‌ಎಪ್ರಾಕ್ಸಿಯದ್ದೇ ಕಾಣುತ್ತದಲ್ಲ ಸರ್? ಯಾರು ಏನು ಬಳಸಿದರು ಅಂತ ಹೇಗೆ ತಿಳಿಯುವುದು? ಮತ್ತೆ ಆ ಎಚ್‌ಎಪ್ರಾಕ್ಸಿಯೇ ಬಿದ್ದರೆ?

ಹಳೇಸರ್ವರ್ · ಮಂಗಳವಾರ, ಮಧ್ಯಾಹ್ನ 12:50

ಎರಡೂ ಕೇಳಬೇಕಾದ ಪ್ರಶ್ನೆಗಳೇ. ಐಪಿಗೆ ಪ್ರಾಕ್ಸಿ ಪ್ರೋಟೋಕಾಲ್ ಬಳಸಿ. ಎಚ್‌ಎಪ್ರಾಕ್ಸಿಯಲ್ಲಿ ಸರ್ವರ್ ಸಾಲಿಗೆ ಸೆಂಡ್-ಪ್ರಾಕ್ಸಿ ಸೇರಿಸಿದರೆ ಪ್ರತಿ ಸಂಪರ್ಕದ ಮೊದಲಿಗೆ ನಿಜವಾದ ಐಪಿ ಬರೆದು ಕಳಿಸುತ್ತದೆ. ಸ್ಕ್ವಿಡ್ 3.5ರಿಂದ ಇದನ್ನು ಓದುತ್ತದೆ, ಪೋರ್ಟ್ ಸಾಲಿನಲ್ಲಿ ರಿಕ್ವೈರ್-ಪ್ರಾಕ್ಸಿ-ಹೆಡರ್ ಹಾಕಿ. ಎಚ್‌ಎಪ್ರಾಕ್ಸಿಯ ಐಪಿಯಿಂದ ಬಂದದ್ದನ್ನು ಮಾತ್ರ ನಂಬುವ ಹಾಗೆ ಆಕ್ಸೆಸ್ ನಿಯಮ ಬರೆಯಿರಿ. ಇಲ್ಲದಿದ್ದರೆ ಯಾರು ಬೇಕಾದರೂ ಇನ್ನೊಬ್ಬರ ಐಪಿ ಹೇಳಿಕೊಂಡು ಬರಬಹುದು.

ಬೀಳುವುದಕ್ಕೆ, ಎಚ್‌ಎಪ್ರಾಕ್ಸಿಯನ್ನು ಎರಡು ಯಂತ್ರದಲ್ಲಿ ಹಾಕಿ ಕೀಪ್‌ಅಲೈವ್‌ಡಿ ಮೂಲಕ ಒಂದು ತೇಲುವ ಐಪಿ ಕೊಡಿ. ಒಂದು ಸತ್ತರೆ ಐಪಿ ಇನ್ನೊಂದಕ್ಕೆ ಹೋಗುತ್ತದೆ. ಸಂರಚನೆ ಎರಡರಲ್ಲೂ ಒಂದೇ ಇದ್ದರೆ ಹ್ಯಾಶ್ ಫಲವೂ ಒಂದೇ ಬರುತ್ತದೆ, ಯುಆರ್‌ಎಲ್‌ಗಳು ಜಾಗ ಬದಲಿಸುವುದಿಲ್ಲ.

ಕಡಲಾಚೆ · ಮಂಗಳವಾರ, ರಾತ್ರಿ 11:30

ನಾನು ಊರು ಬಿಟ್ಟು ದೂರ ಇದ್ದೇನೆ, ಕೆಲಸ ಸೈಟುಗಳ ಕಡೆಯ ಕ್ಯಾಶ್‌ಗಳದ್ದು. ಇಲ್ಲಿ ಇನ್ನೂ ಬಾರದ ಒಂದು ತೊಂದರೆ ಹೇಳಬೇಕು ಅನ್ನಿಸಿತು. ಯುಆರ್‌ಎಲ್ ಹ್ಯಾಶ್‌ನಲ್ಲಿ ಒಂದೇ ಯುಆರ್‌ಎಲ್ ತುಂಬಾ ಜನಪ್ರಿಯ ಆದರೆ ಆ ಒಂದು ಬಾಕ್ಸಿನ ಮೇಲೆ ಎಲ್ಲಾ ಭಾರ ಬೀಳುತ್ತದೆ. ಪಕ್ಕದ ಎರಡು ಸುಮ್ನೆ ಕೂತಿರುತ್ತವೆ.

ವಿಕಿಪೀಡಿಯ ಇದನ್ನು ಬಿಡಿಸಿದ ರೀತಿ ನನಗೆ ಬಹಳ ಇಷ್ಟ. ಮೊದಲು ಅವರು ಸ್ಕ್ವಿಡ್ ಮತ್ತು ಕಾರ್ಪ್ ಬಳಸುತ್ತಿದ್ದರು, ಆಮೇಲೆ ವಾರ್ನಿಶ್, ಆಮೇಲೆ ಹಿಂದಿನ ಪದರಕ್ಕೆ ಅಪಾಚೆ ಟ್ರಾಫಿಕ್ ಸರ್ವರ್. ಸಾಫ್ಟ್‌ವೇರ್ ಬದಲಾದರೂ ಹಲವು ವರ್ಷ ಎರಡು ಪದರದ ಕಟ್ಟಡ ಉಳಿಯಿತು. ಓದುಗರ ಐಪಿ ನೋಡಿ ಲೋಡ್ ಬ್ಯಾಲೆನ್ಸರ್ ಒಂದು ಮುಂದಿನ ಕ್ಯಾಶಿಗೆ ಕಳಿಸುತ್ತಿತ್ತು. ಅದು ರ್‍ಯಾಮ್‌ನಲ್ಲಿರುವ ಚಿಕ್ಕ ಕ್ಯಾಶ್. ಅದರಲ್ಲಿ ಇಲ್ಲದಿದ್ದರೆ ಯುಆರ್‌ಎಲ್ ಹ್ಯಾಶ್ ಮಾಡಿ ಹಿಂದಿನ ಪದರದ ಒಂದು ಬಾಕ್ಸಿಗೆ ಹೋಗುತ್ತಿತ್ತು, ಅಲ್ಲಿ ದೊಡ್ಡ ಡಿಸ್ಕ್. ಹೀಗಾಗಿ ಎಲ್ಲರೂ ಓದುತ್ತಿರುವ ಪುಟ ಎಲ್ಲ ಮುಂದಿನ ಬಾಕ್ಸ್‌ಗಳಲ್ಲೂ ಇರುತ್ತಿತ್ತು, ಬೇಕೆಂದೇ. ಅಪರೂಪದ ಪುಟಕ್ಕೆ ಹಿಂದಿನ ಪದರದಲ್ಲಿ ಒಂದೇ ಮನೆ. ನಮ್ಮ ಕನ್ನಡ ವಿಕಿಪೀಡಿಯದ ಪುಟಗಳೂ ಅವರ ಕ್ಯಾಶ್‌ಗಳ ಮೂಲಕವೇ ಬರುತ್ತವೆ. ಏಷ್ಯಾದ ಓದುಗರಿಗೆ ಹತ್ತಿರ ಆಗಲಿ ಅಂತ ಸಿಂಗಾಪುರದಲ್ಲಿ 2018ರಲ್ಲಿ ಅವರ ಕ್ಯಾಶ್ ಕೇಂದ್ರ ಶುರುವಾಯಿತು.

ಮೂರು ಬಾಕ್ಸಿನ ಕಾಲೇಜಿಗೆ ಎರಡು ಪದರ ಬೇಕಿಲ್ಲ. ಎಚ್‌ಎಪ್ರಾಕ್ಸಿ 1.7ರಿಂದ ಹ್ಯಾಶ್-ಬ್ಯಾಲೆನ್ಸ್-ಫ್ಯಾಕ್ಟರ್ ಅನ್ನುವುದು ಇದೆ. 150 ಅಂತ ಕೊಟ್ಟರೆ ಯಾವ ಬಾಕ್ಸೂ ಸರಾಸರಿಯ ಒಂದೂವರೆ ಪಟ್ಟಿಗಿಂತ ಜಾಸ್ತಿ ಹೊರುವುದಿಲ್ಲ. ಮಿತಿ ಮುಟ್ಟಿದರೆ ಮುಂದಿನ ಕೋರಿಕೆ ವೃತ್ತದಲ್ಲಿ ಮುಂದಿನ ಬಾಕ್ಸಿಗೆ ಹೋಗುತ್ತದೆ. ಗೂಗಲ್‌ನ ಸಂಶೋಧಕರು 2016ರಲ್ಲಿ ಕೊಟ್ಟ ಲೆಕ್ಕ ಇದು, ವಿಮಿಯೋದ ಒಬ್ಬ ಇಂಜಿನಿಯರ್ ಎಚ್‌ಎಪ್ರಾಕ್ಸಿಗೆ ತಂದರು.

ಕೆರೆಏರಿ · ಬುಧವಾರ, ಬೆಳಿಗ್ಗೆ 8:35

ಓದುತ್ತಾ ಬಂದೆ, ತುಂಬಾ ಉಪಯೋಗ ಆಯಿತು. ಬ್ರೌಸರ್‌ನಲ್ಲಿ ಪ್ರಾಕ್ಸಿ ಹಾಕದೆ, ರೂಟರ್‌ನಲ್ಲೇ ತಿರುಗಿಸಿ ಹಂಚಬಹುದಾ?

ಬೆಳಗಿನಜಾವ · ಬುಧವಾರ, ಬೆಳಿಗ್ಗೆ 8:58

ಸಿಸ್ಕೋ ರೂಟರ್ ಇದ್ದರೆ ಡಬ್ಲ್ಯುಸಿಸಿಪಿ (ಟ್ರಾಫಿಕ್ಕನ್ನು ಕ್ಯಾಶ್‌ಗಳ ಕಡೆ ತಿರುಗಿಸುವ ಪ್ರೋಟೋಕಾಲ್) ಇದೆ. ಹ್ಯಾಶ್ ಫಲವನ್ನು 256 ಬುಟ್ಟಿ ಮಾಡಿ ಕ್ಯಾಶ್‌ಗಳಿಗೆ ಹಂಚುತ್ತದೆ. ಆದರೆ ರೂಟರಿಗೆ ಯುಆರ್‌ಎಲ್ ಕಾಣುವುದಿಲ್ಲ, ಐಪಿ ಮತ್ತು ಪೋರ್ಟ್ ಮಾತ್ರ. ಒಂದೇ ಫೈಲು ಬೇರೆ ಬೇರೆ ಐಪಿಯ ಮಿರರ್‌ಗಳಿಂದ ಬಂದರೆ ಬೇರೆ ಬೇರೆ ಕ್ಯಾಶಿಗೆ ಹೋಗುತ್ತದೆ. ಹೊಸದಾಗಿ ಕಟ್ಟುವವರಿಗೆ ನಾನು ಹೇಳುವುದಿಲ್ಲ.

ತುಂಗಾತೀರ · ಶನಿವಾರ, ಸಂಜೆ 6:10

ಎಚ್‌ಎಪ್ರಾಕ್ಸಿ ಎರಡು, ಹಿಂದೆ ಮೂರು ಸ್ಕ್ವಿಡ್, ಹಳೇಸರ್ವರ್ ಸರ್ ಹೇಳಿದ ಹಾಗೇ ಕಟ್ಟಿದೆ. ಬೆಳಗಿನಜಾವ ಮೇಡಂ ಹೇಳಿದ ಎಣಿಕೆಯನ್ನೂ ಮಾಡಿದೆ. ಹಾಸ್ಟೆಲ್‌ಗಳಲ್ಲಿ ಬಹುಪಾಲು ಸುರಂಗವೇ, ಅಲ್ಲಿ ಉಳಿತಾಯ ಕಾಣುವುದಿಲ್ಲ. ಲ್ಯಾಬ್‌ಗಳದ್ದು ಬೇರೆಯೇ ಕಥೆ. ಅಪ್‌ಡೇಟ್ ಬಂದ ಬೆಳಿಗ್ಗೆ ಒಂದೊಂದು ಪ್ಯಾಕೇಜು ಹೊರಗಿನಿಂದ ಒಂದೇ ಸಲ ಇಳಿದಿದೆ, ಉಳಿದದ್ದೆಲ್ಲಾ ಹಿಟ್. ಬೇರೆ ಎರಡು ಬಾಕ್ಸಿನ ಲಾಗಿನಲ್ಲಿ ಆ ಯುಆರ್‌ಎಲ್ ಹೆಸರೇ ಇಲ್ಲ. ಇದನ್ನು ನೋಡಿ ತುಂಬಾ ಖುಷಿಯಾಯಿತು.

ಈಗ ಉಳಿದದ್ದು ಒಂದೇ ಪ್ರಶ್ನೆ. ಎರಡನೇ ಬಾಕ್ಸಿನ ಡಿಸ್ಕ್ ಬದಲಿಸಬೇಕು. ಯಾರಿಗೂ ತೊಂದರೆ ಆಗದ ಹಾಗೆ ಅದನ್ನು ಹೊರಗೆ ತೆಗೆಯುವುದು ಹೇಗೆ?

ಹಳೇಸರ್ವರ್ · ಶನಿವಾರ, ರಾತ್ರಿ 7:25

ಒಳ್ಳೆಯ ಸುದ್ದಿ. ಡಿಸ್ಕ್ ಬದಲಿಸಲು ರಾತ್ರಿ ಬೇಡ, ಹಾಸ್ಟೆಲ್ ಎದ್ದಿರುತ್ತದೆ. ಭಾನುವಾರ ಬೆಳಿಗ್ಗೆ ಬೇಗ ಮಾಡಿ. ಎಚ್‌ಎಪ್ರಾಕ್ಸಿಯ ಸಾಕೆಟ್ ಮೂಲಕ ಎರಡೂ ಬ್ಯಾಕೆಂಡ್‌ನಲ್ಲಿ ಆ ಬಾಕ್ಸನ್ನು ಡ್ರೇನ್ ಸ್ಥಿತಿಗೆ ಹಾಕಿ, ಎರಡೂ ಎಚ್‌ಎಪ್ರಾಕ್ಸಿ ಯಂತ್ರಗಳಲ್ಲಿ. ಹೊಸ ಕೋರಿಕೆ ಬರುವುದು ನಿಲ್ಲುತ್ತದೆ, ನಡೆಯುತ್ತಿರುವ ಡೌನ್‌ಲೋಡ್ ಮುಗಿಯುವ ತನಕ ಕಡಿಯುವುದಿಲ್ಲ. ಸಂಪರ್ಕಗಳ ಎಣಿಕೆ ಸೊನ್ನೆಗೆ ಬಂದ ಮೇಲೆ ಬಾಕ್ಸ್ ಆಫ್ ಮಾಡಿ.

ಹೊಸ ಡಿಸ್ಕಿನ ಜೊತೆ ವಾಪಸ್ ತರುವಾಗ ಅದರ ಕ್ಯಾಶ್ ಖಾಲಿ ಇರುತ್ತದೆ. ಅದರ ಪಾಲಿಗೆ ಬರುವ, ಒಟ್ಟಿನ ಮೂರನೇ ಒಂದು ಭಾಗ ಯುಆರ್‌ಎಲ್‌ಗಳಿಗೆ ಸ್ವಲ್ಪ ಹೊತ್ತು ಮಿಸ್ ಬರುತ್ತದೆ. ಹಾಗಾಗಿ ಕ್ಯಾಶ್ ಗುಂಪಿನ ಬ್ಯಾಕೆಂಡ್‌ನಲ್ಲಿ ಅದರ ತೂಕವನ್ನು (ಅದಕ್ಕೆ ಕೊಡುವ ಪಾಲನ್ನು) ಒಮ್ಮೆಲೇ ಪೂರ್ತಿ ಕೊಡದೆ ಕಾಲು, ಅರ್ಧ, ಪೂರ್ತಿ ಅಂತ ಏರಿಸಿ. ಲ್ಯಾಬ್‌ಗಳು ಸೋಮವಾರ ತೆರೆಯುವ ಮೊದಲು ಒಂದು ಯಂತ್ರದಿಂದ ಆ ವಾರದ ಪ್ಯಾಕೇಜುಗಳನ್ನು ಒಮ್ಮೆ ಪ್ರಾಕ್ಸಿ ಮೂಲಕ ಇಳಿಸಿ. ಆ ಬಾಕ್ಸಿನ ಪಾಲಿನದ್ದು ಅಷ್ಟರಲ್ಲಿ ಡಿಸ್ಕಿಗೆ ಬಂದಿರುತ್ತದೆ.